ಹಿಟ್ಟು ಮುಟ್ಟದ ಕೈ

ಸಣ್ಣ ತನ್ನ ತಟ್ಟೆ, ಲೋಟ, ಚಮಚಗಳನ್ನು ಬೇರೆ ಇಟ್ಟುಕೊಂಡ ದಿನ ಮನೆಯಲ್ಲಿ ಯಾರೂ ಏನೂ ಅನ್ನಲಿಲ್ಲ. ಮಾರನೆಯ ದಿನ ಸೋಪು ಬೇರೆಯಾಯಿತು. ಆಮೇಲೆ ಟವೆಲು, ಅದರ ಹಿಂದೆಯೇ ನೀರಿನ ಬಾಟಲಿ. ಅಡುಗೆಮನೆಯ ಕಿಟಕಿ ಕಟ್ಟೆಯ ಮೇಲೆ ಅವನದೇ ಒಂದು ಪುಟ್ಟ ಸಂಸಾರ ಸದ್ದಿಲ್ಲದೆ ಬೆಳೆಯಿತು. ಉಂಡ ತಟ್ಟೆಯನ್ನು ತಾನೇ ತೊಳೆದು, ಮೇಲೆ ಕುದಿಯುವ ನೀರು ಸುರಿದು, ಬಟ್ಟೆ ಮುಚ್ಚಿ ಇಡುತ್ತಿದ್ದ.

"ಏನಪ್ಪಾ, ಪಾತ್ರೆ ತೊಳೆಯೋಕೆ ನನ್ನ ಕೈ ಲಾಯಕ್ಕಿಲ್ವಾ ಈಗ?" ಅತ್ತಿಗೆ ಒಂದು ದಿನ ಕೇಳಿಯೇಬಿಟ್ಟಳು.

"ಹಾಗಲ್ಲ ಅತ್ತಿಗೆ."

"ಮತ್ತೆ ಹೇಗೆ?"

"ಸುಮ್ನೆ. ಒಂದು ಅಭ್ಯಾಸ."

"ತಲೆ ನೆರೆತ ಮೇಲೆ ಹೊಸ ಅಭ್ಯಾಸ! ಚೆನ್ನಾಗಿದೆ."

ಕಥೆ ಸಣ್ಣನದು, ಆದ್ದರಿಂದ ಮನೆಯವರನ್ನು ಅವನ ಬಾಯಲ್ಲಿ ಬರುವಂತೆಯೇ ಕರೆಯುವುದು ವಾಸಿ. ಅಣ್ಣ, ಅತ್ತಿಗೆ, ಅವರ ಒಬ್ಬನೇ ಮಗ, ಮತ್ತು ಎಲ್ಲರನ್ನೂ ಕುರ್ಚಿಯಲ್ಲಿ ಕೂತೇ ಆಳುವ ಅಮ್ಮ. ಅಮ್ಮನನ್ನು ಬೀದಿಯವರೆಲ್ಲ ಅಜ್ಜಿ ಅನ್ನುತ್ತಿದ್ದರು, ನಾವೂ ಹಾಗೇ ಅನ್ನೋಣ. ಮುಂದೆ ಬೇಕರಿ, ನಡುವೆ ಒಲೆಮನೆ, ಹಿಂದೆ ಇವರು ವಾಸಿಸುವ ಕೋಣೆಗಳು. ಅಣ್ಣ ಮುಂದೆ ಕೂತು ಮಾರುತ್ತಾನೆ, ಅದಕ್ಕಿಂತ ಹೆಚ್ಚು ಮಾತಾಡುತ್ತಾನೆ. ಹಿಟ್ಟು ಕಲಸುವುದು, ನಾದುವುದು, ಬೇಯಿಸುವುದು ಎಲ್ಲ ಸಣ್ಣನ ಕೆಲಸ. ಅವನು ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದವರಿಗೆ ಮೊದಲು "ಆಗೋಣ ಬಿಡಿ" ಅನ್ನುತ್ತಿದ್ದ, ಆಮೇಲೆ "ಇನ್ನೇನು ಆಗೋದು ಬಿಡಿ" ಅನ್ನತೊಡಗಿದ. ಕೇಳುವವರೂ ಬಿಟ್ಟರು.

ಹೆಸರಿಗೆ ಸಣ್ಣ, ಆಳು ಬಾಗಿಲು ತುಂಬುವಷ್ಟಿದ್ದ. ಈ ನಡುವೆ ಅಂಗಿ ಹೆಗಲಿನಿಂದ ಜೋತುಬೀಳುತ್ತಿತ್ತು.

"ಇಟ್ಟ ಹೆಸರು ಈಗ ಒಪ್ಪುತ್ತಿದೆ ನೋಡು ನಿಂಗೆ," ಎಂದಳು ಅಜ್ಜಿ. ಯಾರೂ ನಗದಿದ್ದಾಗ ಅವಳೂ ಬಾಯಿ ಮುಚ್ಚಿಕೊಂಡಳು.

ತಟ್ಟೆ, ಲೋಟದ ಮಟ್ಟಿಗೆ ಮನೆಯವರು ಸಹಿಸಿದರು. ಆದರೆ ಸಣ್ಣ ಒಂದು ದಿನ ಮೊಣಕೈವರೆಗೆ ಬರುವ ರಬ್ಬರ್ ಕೈಗವಸು ಹಾಕಿಕೊಂಡು ಹಿಟ್ಟು ನಾದಲು ಶುರುಮಾಡಿದಾಗ ಅಣ್ಣನ ತಾಳ್ಮೆ ತಪ್ಪಿತು. ಬರಿಗೈಯಲ್ಲಿ ನಾದಿದ ಹಿಟ್ಟು ಮಾತು ಕೇಳುತ್ತದೆ, ಬಿಗಿಯಾಯಿತೋ ಸಡಿಲವಾಯಿತೋ ಬೆರಳಿಗೆ ಗೊತ್ತಾಗುತ್ತದೆ. ರಬ್ಬರಿಗೆ ಏನು ಗೊತ್ತಾಗಬೇಕು? ಬ್ರೆಡ್ಡು ಒಂದು ದಿನ ಇಟ್ಟಿಗೆಯಾಯಿತು, ಇನ್ನೊಂದು ದಿನ ಮಧ್ಯದಲ್ಲಿ ಕುಸಿಯಿತು. ಹಳೆಯ ಗಿರಾಕಿಗಳು ಮೂಸಿ ನೋಡಿ, "ಟಯರ್ ವಾಸನೆ ಬರ್ತಿದೆಯಲ್ಲ ಸ್ವಾಮಿ?" ಎಂದರು.

ಆ ಸಂಜೆ ಊಟಕ್ಕೆ ಕೂತಾಗ ಅಣ್ಣ ಸೂಪಿನ ಬಟ್ಟಲನ್ನು ದೂರ ತಳ್ಳಿದ.

"ಇವನು ಪಾಲು ಕೇಳೋ ತಯಾರಿಯಲ್ಲಿದ್ದಾನೆ. ಮೊದಲು ತಟ್ಟೆ ಬೇರೆ, ಆಮೇಲೆ ಒಲೆ ಬೇರೆ. ನೇರವಾಗಿ ಕೇಳೋಕೆ ಧೈರ್ಯ ಇಲ್ಲ, ಅದಕ್ಕೆ ಬ್ರೆಡ್ ಕೆಡಿಸ್ತಾ ಇದ್ದಾನೆ."

"ನಾನ್ಯಾವಾಗ ಕೇಳಿದೆ ಪಾಲು?" ಸಣ್ಣ ಕಿಟಕಿಯ ಹತ್ತಿರ ನಿಂತೇ ಉಣ್ಣುತ್ತಿದ್ದ.

"ಹಾಗಾದ್ರೆ ಬಂದು ಮೇಜಿನ ಹತ್ರ ಕೂತ್ಕೋ."

"ಇಲ್ಲೇ ಸರಿ ಇದೆ."

"ನೋಡಿದ್ಯಾ ಅಮ್ಮ? ನೋಡು ನಿನ್ನ ಮುದ್ದಿನ ಮಗನ್ನ!"

"ನೋಡ್ತಾ ಇದ್ದೀನಿ," ಎಂದಳು ಅಜ್ಜಿ. "ಇಬ್ಬರನ್ನೂ ನೋಡ್ತಾ ಇದ್ದೀನಿ. ಸೂಪು ಆರಿಹೋಗುತ್ತೆ, ಕುಡಿ."

ಮೇಜಿನ ಇನ್ನೊಂದು ತುದಿಯಲ್ಲಿ ಅಣ್ಣನ ಮಗ ಕೂತಿದ್ದ. ಅವನೊಬ್ಬ ಕ್ಷೌರಿಕ. ದೊಡ್ಡ ರಸ್ತೆಯ ಸಲೂನಿನಲ್ಲಿ ಕೆಲಸ. ಅದು ಮುಗಿದ ಮೇಲೆ ಸೈಕಲ್ ಅಂಗಡಿಯ ಮಹಡಿಯಲ್ಲಿದ್ದ ಪುಟ್ಟ ಆರೋಗ್ಯ ಕೇಂದ್ರಕ್ಕೆ ಹೋಗುತ್ತಿದ್ದ. ಗಂಡಸರನ್ನು ಮೆಚ್ಚುವ ಗಂಡಸರನ್ನು ಮಾತಾಡಿಸುವುದು, ಎಚ್‌ಐವಿ ಪರೀಕ್ಷೆಗೆ ಒಪ್ಪಿಸುವುದು, ಹೆದರಿದವರ ಪಕ್ಕದಲ್ಲಿ ಕೂರುವುದು ಅಲ್ಲಿ ಅವನ ಕೆಲಸ. ತಾನೂ ಅವರಲ್ಲೊಬ್ಬ ಎಂದು ಅವನು ಮನೆಯಲ್ಲಿ ಹೇಳಿ ಎರಡು ವರ್ಷವಾಗಿತ್ತು. ಆಗ ತಾಯಿ ಅತ್ತಳು, ಆಮೇಲೆ ಅವನು ತೆಳ್ಳಗಾಗಿದ್ದಾನೆಂದು ಬೈದಳು, ಅಲ್ಲಿಗೆ ಅವಳದು ಮುಗಿಯಿತು. ಅಪ್ಪ "ಸರಿ, ಊಟ ಮಾಡು" ಅಂದವನು ಅಂದಿನಿಂದ ಅದರ ಸುದ್ದಿಯನ್ನೇ ಎತ್ತಿರಲಿಲ್ಲ. ಸಂಜೆ ಎಲ್ಲಿಗೆ ಹೋಗುತ್ತೀಯ, ಅಲ್ಲಿ ಏನು ಮಾಡುತ್ತೀಯ ಎಂದು ಒಂದು ದಿನವೂ ಕೇಳಿರಲಿಲ್ಲ. ಬೀದಿಯವರಿಗೆಲ್ಲ ಕ್ಷೇಮಸಮಾಚಾರ ವಿಚಾರಿಸುವ ಮನುಷ್ಯ ಸ್ವಂತ ಮಗನ ವಿಷಯಕ್ಕೆ ಬಂದರೆ ಮೂಗನಾಗುತ್ತಿದ್ದ.

ಆ ವಾರವೇ ಒಂದು ಬೆಳಿಗ್ಗೆ ಒಲೆಮನೆಯಲ್ಲಿ ತಗಡಿನ ಟ್ರೇ ಜಾರಿ ಸಣ್ಣನ ಹೆಬ್ಬೆರಳು ಸೀಳಿತು. ಕೈಗವಸೂ ಹರಿಯಿತು. ಸದ್ದು ಕೇಳಿ ಓಡಿಬಂದ ಹುಡುಗ, ಅಣ್ಣನ ಮಗ, ಬಟ್ಟೆ ಹಿಡಿದು ಹತ್ತಿರ ಹೋದ.

"ಮುಟ್ಟಬೇಡ!" ಸಣ್ಣ ಗೋಡೆಗೆ ಒರಗಿ ಕಿರುಚಿದ. "ದೂರ ಹೋಗು ಅಂದ್ನಲ್ಲ!"

ಬೆರಳಿಗೆ ತಾನೇ ಬಟ್ಟೆ ಸುತ್ತಿಕೊಂಡ. ಹಿಟ್ಟಿನ ತೊಟ್ಟಿ ಆಚೆ ಮೂಲೆಯಲ್ಲಿತ್ತು, ಒಂದು ಹನಿಯೂ ಅತ್ತ ಸಿಡಿದಿರಲಿಲ್ಲ. ಆದರೂ ಅವನು ಅಷ್ಟೂ ಹಿಟ್ಟನ್ನು ಬಾಚಿ ಬಾಚಿ ಕಸದ ಡಬ್ಬಕ್ಕೆ ಹಾಕಿದ. ಮುಂದಿನಿಂದ ಬಂದ ಅಣ್ಣ ತಲೆ ಮೇಲೆ ಕೈಹೊತ್ತು ನಿಂತ.

"ಹುಚ್ಚು ಹಿಡಿದಿದೆಯೇನೋ ನಿಂಗೆ? ಬಾಗಿಲಲ್ಲಿ ಜನ ನಿಂತಿದ್ದಾರೆ. ಅವರಿಗೆ ಏನು ಕೊಡ್ಲಿ, ನಿನ್ನ ತಲೆನಾ?"

ಸಣ್ಣ ಖಾಲಿ ತೊಟ್ಟಿಯನ್ನು ಉಜ್ಜತೊಡಗಿದ. ಅವನ ಎದೆಯಲ್ಲಿದ್ದ ಭಯವನ್ನು ನೇರವಾಗಿಯೇ ಹೇಳಿಬಿಡುವುದು ಒಳ್ಳೆಯದು. ಭಾನುವಾರಗಳಂದು ಪಾರ್ಕಿನ ಕಲ್ಲುಬೆಂಚಿನಲ್ಲಿ ಚದುರಂಗ ಆಡುವ ನಾಲ್ಕು ಜನ ಗೆಳೆಯರಿದ್ದರು: ಸಣ್ಣ, ಒಬ್ಬ ದರ್ಜಿ, ಒಬ್ಬ ಗಡಿಯಾರ ರಿಪೇರಿಯವನು, ಅಂಗಡಿಗಳಿಗೆ ಬೋರ್ಡು ಬರೆಯುವ ಒಬ್ಬ ಪೇಂಟರ್. ಚದುರಂಗದ ಆಚೆಗೂ ಅವರ ನಡುವೆ ಹೇಳಿಕೊಳ್ಳಲಾಗದ್ದು ಇತ್ತು. ಸಣ್ಣ ಮತ್ತು ದರ್ಜಿಯ ನಡುವೆಯಂತೂ ಹಲವು ವರ್ಷ ಇತ್ತು. ದರ್ಜಿ ಸೊರಗಿ ಸೊರಗಿ ತೀರಿಕೊಂಡ. ಅವನ ಮನೆಯವರು ಹಾಸಿಗೆಯನ್ನು ಸುಟ್ಟರು, ಕಾರಣವನ್ನು ಪಿಸುಗುಟ್ಟಿದರು. ಆಟ ನಿಂತುಹೋಯಿತು, ಉಳಿದ ಮೂವರು ಒಬ್ಬರನ್ನೊಬ್ಬರು ಕಂಡರೆ ರಸ್ತೆ ದಾಟತೊಡಗಿದರು. ದರ್ಜಿಗಿದ್ದದ್ದು ತನಗೂ ಇದೆ ಎಂದು ಸಣ್ಣ ತೀರ್ಮಾನಿಸಿಕೊಂಡ. ಸಾಯುವುದಕ್ಕೆ ಅವನು ಅಷ್ಟು ಹೆದರಲಿಲ್ಲ. ಈ ಕೈಯಿಂದ ನಾದಿದ ಬ್ರೆಡ್ಡನ್ನು ಬೀದಿಯ ಮಕ್ಕಳೆಲ್ಲ ತಿಂದಿದ್ದಾರೆ, ಹೆತ್ತ ತಾಯಿ ತಿಂದಿದ್ದಾಳೆ, ಅವರಿಗೆಲ್ಲ ತಾನು ವಿಷ ಹಂಚಿಬಿಟ್ಟೆನೇ ಎಂಬುದು ಅವನನ್ನು ತಿನ್ನುತ್ತಿತ್ತು. ತಿಳಿದವರನ್ನು ಕೇಳಿದರೆ ಒಂದು ನಿಮಿಷದಲ್ಲಿ ಬಗೆಹರಿಯುವ ವಿಷಯ. ಕೇಳಲು ಬಾಯಿ ಬರಬೇಕಲ್ಲ!

ಹುಡುಗನಿಗೆ ಇಷ್ಟೆಲ್ಲ ಗೊತ್ತಿರಲಿಲ್ಲ. ಆದರೆ ಆ "ಮುಟ್ಟಬೇಡ" ಎಂಬ ಕೂಗನ್ನು ಅವನು ಕೇಂದ್ರದಲ್ಲಿ ಬೇರೆಯವರ ಬಾಯಲ್ಲಿ ಕೇಳಿದ್ದ. ಚಿಕ್ಕಪ್ಪನ ಗುಟ್ಟನ್ನು ಅವನು ಎಂದೋ ಊಹಿಸಿದ್ದ, ಅಂದು ರೋಗದ ಭಯವನ್ನೂ ಊಹಿಸಿದ. ಮಧ್ಯಾಹ್ನ ಒಲೆ ಆರಿದ ಮೇಲೆ ಸಣ್ಣ ಒಬ್ಬನೇ ಟ್ರೇ ಉಜ್ಜುತ್ತಿದ್ದಾಗ ಹೋಗಿ ನಿಂತ. ಎಷ್ಟೋ ಜನರನ್ನು ಒಪ್ಪಿಸಿದವನು ತಾನು, ಸ್ವಂತ ಚಿಕ್ಕಪ್ಪ ಯಾವ ಲೆಕ್ಕ ಎಂದುಕೊಂಡಿದ್ದ.

"ಚಿಕ್ಕಪ್ಪ, ನಮ್ಮ ಕೇಂದ್ರಕ್ಕೆ ಒಂದ್ಸಲ ಬಾ. ಒಂದು ಪರೀಕ್ಷೆ, ಅಷ್ಟೇ. ನಂಗೆಲ್ಲ ಗೊತ್ತು. ನಾನೂ ನಿನ್ನ ಹಾಗೇ ಅಲ್ವಾ?"

ಸಣ್ಣನ ಕೈ ನಿಂತಿತು.

"ಏನೋ ಗೊತ್ತು ನಿಂಗೆ? ನಿನ್ನ ಮೂಗು ಒರೆಸಿದ್ದು ನಾನು, ಚಡ್ಡಿ ಹಾಕೋದು ಕಲಿಸಿದ್ದು ನಾನು. ನೀನು ನಂಗೆ ಬುದ್ಧಿ ಹೇಳೋಕೆ ಬಂದ್ಯಾ?"

"ಬುದ್ಧಿ ಅಲ್ಲ ಚಿಕ್ಕಪ್ಪ…"

"ನಿನ್ನ ಹಾಗೆ ಊರಿಗೆಲ್ಲ ಹೇಳ್ಕೊಂಡು ತಿರುಗೋ ಕಾಲ ಅಲ್ಲ ನಮ್ದು. ಇನ್ನೊಂದ್ಸಲ ಈ ಮಾತು ಎತ್ತಿದ್ರೆ ನಾನು ಮನೆ ಬಿಟ್ಟು ಹೋಗ್ತೀನಿ, ನೋಡ್ತಿರು."

ಹುಡುಗ ಬಾಲ ಮುದುರಿಕೊಂಡು ಕೇಂದ್ರಕ್ಕೆ ಹೋದ. ಅಲ್ಲಿ ಸಲಹೆ ನೀಡುವ ಹೆಂಗಸನ್ನು ಎಲ್ಲರೂ ಅಕ್ಕ ಅನ್ನುತ್ತಿದ್ದರು. ಅವಳು ಮುಖ ನೋಡಿದ ಕೂಡಲೇ ಟೀ ಕೊಟ್ಟಳು. ಅವನು ಹೆಸರು, ನೆಂಟಸ್ತನ ಏನೂ ಹೇಳದೆ, "ನನಗಿಂತ ತುಂಬಾ ದೊಡ್ಡವರೊಬ್ಬರು" ಎಂದಷ್ಟೇ ಹೇಳಿ ನಡೆದದ್ದನ್ನು ಒಪ್ಪಿಸಿದ.

"ನೀನು ಅವರಿಗೆ ಸರೀಕನಾ?" ಅಕ್ಕ ಕೇಳಿದಳು.

"ಇಬ್ಬರೂ ಒಂದೇ ಥರ ಅಲ್ವಾ ಅಕ್ಕ?"

"ಒಂದೇ ಥರ ಆದ್ರೆ ಸರೀಕ ಆಗಿಬಿಡ್ತೀಯಾ? ನೀನು ಸಲೂನಿನ ಹುಡುಗರಿಗೆ ಸರೀಕ, ಜಿಮ್ ಹುಡುಗರಿಗೆ ಸರೀಕ. ಎತ್ತಿ ಆಡಿಸಿದ ಮಗು ಬಂದು ಹಾಸಿಗೆ ವಿಷಯ ಮಾತಾಡಿದ್ರೆ ಯಾವ ದೊಡ್ಡವರಿಗೆ ಸಹಿಸುತ್ತೆ? ಅವರ ಜೊತೆ ನಕ್ಕವರು, ಅವರ ಜೊತೆ ತಪ್ಪು ಮಾಡಿದವರು ಯಾರಿದ್ದಾರೆ ನೋಡು. ಅವರು ಕರೆದ್ರೆ ಬರ್ತಾರೆ."

ಹುಡುಗನಿಗೆ ನಾಚಿಕೆಯಾಯಿತು, ದಾರಿಯೂ ಕಂಡಿತು. ಮರುದಿನವೇ ಕೈಗಡಿಯಾರಕ್ಕೆ ಸೆಲ್ಲು ಹಾಕಿಸುವ ನೆಪದಲ್ಲಿ, ಚಿಕ್ಕಪ್ಪನ ಜೊತೆ ಚದುರಂಗ ಆಡುತ್ತಿದ್ದ ಗಡಿಯಾರದವನ ಅಂಗಡಿಗೆ ಹೋದ. ಒಣಕಲು ದೇಹದ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡ ಆ ಮನುಷ್ಯ ಸಲೂನಿನಲ್ಲಿ ಅವನ ಗಿರಾಕಿ, ಅವನ ಸಂಜೆಯ ಕೆಲಸದ ಬಗ್ಗೆಯೂ ಬಲ್ಲವನು. ಈ ಸಲ ಹುಡುಗ ಯಾರ ಹೆಸರನ್ನೂ ಎತ್ತಲಿಲ್ಲ. ಬೇಕಾದವರು ಬರಬಹುದು, ಗುಟ್ಟು ಗುಟ್ಟಾಗಿಯೇ ಇರುತ್ತದೆ ಎಂದಷ್ಟೇ ಹೇಳಿದ.

ಗಡಿಯಾರದವನು ಭೂತಗನ್ನಡಿ ತೆಗೆಯದೆಯೇ ಮಾತಾಡಿದ. "ದರ್ಜಿ ಹೋದಾಗಿನಿಂದ ನಿದ್ದೆ ಇಲ್ಲ ಕಣಪ್ಪ. ಬರಬೇಕು ಅಂತ ನಿಮ್ಮ ಮೆಟ್ಟಿಲ ತನಕ ಬಂದಿದ್ದೆ. ಸೈಕಲ್‌ಗೆ ಗಾಳಿ ಹಾಕಿಸೋಕೆ ಬಂದೋನ ಥರ ನಿಂತು ವಾಪಸ್ ಬಂದೆ. ಸೈಕಲ್ಲೂ ಇಲ್ಲ ನನ್ನ ಹತ್ರ." ಕೈಗಡಿಯಾರದ ಮುಚ್ಚಳ ಒತ್ತಿ ಕೂರಿಸುತ್ತಾ ಹೇಳಿದ: "ಒಬ್ಬನೇ ಬರಲಾರೆ. ಸಣ್ಣ ಬಂದ್ರೆ ಬರ್ತೀನಿ."

"ಅವರನ್ನ ನೀವೇ ಕರೀಬೇಕು. ನಾನು ಕರೆಯೋ ಹಾಗಿಲ್ಲ."

"ಯಾವ ಮುಖ ಇಟ್ಕೊಂಡು ನಿಮ್ಮ ಅಂಗಡಿಗೆ ಬರ್ಲಿ? ದರ್ಜಿ ಮಣ್ಣಾದ ದಿನ ಸಣ್ಣನ ಪಕ್ಕದಲ್ಲಿ ನಿಲ್ಲದೆ ಓಡಿಬಂದೋನು ನಾನು. ಯಾರಾದ್ರೂ ಕರೀಲಿ, ಬರ್ತೀನಿ."

ಇಲ್ಲಿಗೆ ಗಾಡಿ ಕೆಸರಿನಲ್ಲಿ ಹೂತಿತು. ಅದನ್ನು ಎತ್ತಿದವಳು ಅತ್ತಿಗೆ.

ಅವಳು ಆಲೂಗಡ್ಡೆ ಸುಲಿಯುತ್ತಾ ಮಗನನ್ನು ಎದುರಿಗೆ ಕೂರಿಸಿಕೊಂಡಳು.

"ನಿನ್ನ ಚಿಕ್ಕಪ್ಪನಿಗೆ ಏನಾಗಿದೆ?"

"ನಾನು ಹೇಳೋ ಹಾಗಿಲ್ಲ ಅಮ್ಮ."

"ಹೇಳಬೇಡ. ನಾನು ಹೇಳ್ತೀನಿ, ನೀನು ತಲೆ ಆಡಿಸು."

"ತಲೆನೂ ಆಡಿಸೋ ಹಾಗಿಲ್ಲ."

"ಅಬ್ಬಾ, ಏನು ಕಟ್ಟುನಿಟ್ಟು! ಲೋ, ಈ ಮನೆಗೆ ಸೊಸೆಯಾಗಿ ಬಂದ ವರ್ಷವೇ ಅವನ ಮನಸ್ಸು ಎತ್ತ ಅನ್ನೋದು ನಂಗೆ ಗೊತ್ತಾಯ್ತು. ಹೆಣ್ಣು ನೋಡೋಕೆ ಕಳಿಸಿದ್ರೆ ಆ ಮನೆಯ ಪರದೆ ಬಟ್ಟೆ ಹೊಗಳಿಕೊಂಡು ಬರ್ತಿದ್ದ. ದರ್ಜಿ ಸತ್ತಾಗ ಒಲೆ ಹಿಂದೆ ನಿಂತು ಅತ್ತಿದ್ದನ್ನೂ ನೋಡಿದ್ದೀನಿ. ನಾನು ಕೇಳಲಿಲ್ಲ, ಅವನು ಹೇಳಲಿಲ್ಲ, ಅದೇ ಮರ್ಯಾದೆ ಅಂದ್ಕೊಂಡಿದ್ವಿ." ಅವಳು ಚಾಕು ಕೆಳಗಿಟ್ಟಳು. "ಈಗ ಆ ಮರ್ಯಾದೆನೇ ಅವನನ್ನ ಕೊಲ್ಲುತ್ತೆ ಅನ್ನಿಸ್ತಿದೆ. ಯಾರು ಬಂದ್ರೆ ಅವನು ಬಾಯಿ ಬಿಡ್ತಾನೆ? ಅದೊಂದು ಹೇಳು."

ಹುಡುಗ ಹೇಳಲಿಲ್ಲ. ತಲೆಯನ್ನೂ ಆಡಿಸಲಿಲ್ಲ. ಎದ್ದು ಹೋಗುವಾಗ ಗೋಡೆಯ ಗಡಿಯಾರವನ್ನು ಒಮ್ಮೆ ನೋಡಿದ, ನಿಯಮ ಮುರಿದ ಹಾಗೂ ಆಗಬಾರದು, ಮುರಿಯದ ಹಾಗೂ ಇರಬಾರದು ಎನ್ನುವಂತೆ.

ಒಲೆಮನೆಗೆ ಆ ಗಡಿಯಾರವೇ ದೇವರು. ಅದು ಹೇಳಿದಾಗ ಟ್ರೇ ಒಳಗೆ, ಅದು ಹೇಳಿದಾಗ ಹೊರಗೆ. ಮರುದಿನ ಬೆಳಿಗ್ಗೆ ಅದು ನೆಲದ ಮೇಲೆ ಅಂಗಾತ ಬಿದ್ದಿತ್ತು. ರಸ್ಕುಗಳು ಇದ್ದಿಲಾಗಿದ್ದವು.

"ನಮ್ಮಪ್ಪನ ಕಾಲದ ಗಡಿಯಾರ! ಒಂದು ದಿನ ನಿಂತಿದ್ದಲ್ಲ! ಹೇಗೆ ಬಿತ್ತು?" ಅಣ್ಣ ಗೋಳಾಡಿದ.

"ಮೊಳೆ ಸಡಿಲ ಆಗಿತ್ತೇನೋ," ಎಂದಳು ಅತ್ತಿಗೆ, ಸೊಂಟಕ್ಕೆ ಕೈ ಒರೆಸುತ್ತಾ.

ಮೊಳೆ ಗೋಡೆಯಲ್ಲಿ ಗಟ್ಟಿಯಾಗಿಯೇ ಇತ್ತು. ಅಜ್ಜಿ ಅದನ್ನೊಮ್ಮೆ, ಸೊಸೆಯನ್ನೊಮ್ಮೆ ನೋಡಿದಳು. "ನಾನೇ ಕಂಡೆ. ತಾನಾಗೇ ಬಿತ್ತು," ಎಂದಳು. ಅತ್ತೆ ಸೊಸೆಯರು ಆ ಮನೆಯಲ್ಲಿ ಒಂದೇ ಮಾತಾಡಿದ್ದು ಅಪರೂಪ. ಅಣ್ಣ ಬೆರಗಾಗಿ ಇಬ್ಬರ ಮುಖ ನೋಡಿದ.

ಗಡಿಯಾರದವನನ್ನು ಅತ್ತಿಗೆ ತಾನೇ ಹೋಗಿ ಕರೆತಂದಳು. ಊಟದ ಮೇಜಿನ ಮೇಲೆ ಬಟ್ಟೆ ಹಾಸಿ ಅವನು ಗಡಿಯಾರವನ್ನು ಬಿಚ್ಚಿದ. "ಸ್ಕ್ರೂ ಕಳೆದುಹೋಗದ ಹಾಗೆ ನೋಡ್ಕೋ" ಎಂದು ಸಣ್ಣನನ್ನು ಎದುರು ಕೂರಿಸಿ ಅತ್ತಿಗೆ ಮುಂದಿನ ಅಂಗಡಿಗೆ ಹೋದಳು. ಅಜ್ಜಿ ಮಾತ್ರ ಮೂಲೆಯ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಉಳಿದಳು.

ಒಂದೊಂದೇ ಸ್ಕ್ರೂ ಬಟ್ಟೆಯ ಮೇಲೆ ಉದುರಿತು.

"ನನ್ನ ಅಂಗಡಿ ಮುಂದೆ ಹೋಗ್ತೀಯ, ತಲೆ ಎತ್ತಲ್ಲ," ಎಂದ ಗಡಿಯಾರದವನು.

"ನೀನು ಎತ್ತಿದ್ಯಾ?"

"ಇಲ್ಲ. ನಂಗೆ ಭಯ ಕಣೋ."

"ನಂಗೇನು ಮದುವೆ ಸಂಭ್ರಮವಾ?"

ಗಡಿಯಾರದವನಿಗೆ ನಗು ಬಂತು, ನಗುವಿನ ಹಿಂದೆಯೇ ಕಣ್ಣೀರು ಬಂತು. ಕಣ್ಣಿನ ಭೂತಗನ್ನಡಿ ತೆಗೆದು ಒರೆಸಿಕೊಂಡ. "ಅವನನ್ನ ನೋಡೋಕೆ ಒಂದು ದಿನ ಹೋಗಲಿಲ್ಲ ನಾನು. ಮಣ್ಣಿನ ದಿನ ಬಂದೋನು ಓಡಿಬಂದೆ. ನೀನು ಒಬ್ಬನೇ ನಿಂತಿದ್ದೆ. ನಿನಗೂ ಹಾಗೇ ಮಾಡಿಬಿಡ್ತೀನೇನೋ ಅಂತ ದಿಗಿಲಾಗುತ್ತೆ. ನಡಿಯೋ, ಇಬ್ಬರೂ ಹೋಗಿ ಪರೀಕ್ಷೆ ಮಾಡಿಸ್ಕೊಳ್ಳೋಣ. ನಿಂಗೆ ಇದ್ರೆ ನಾನಿರ್ತೀನಿ, ನಂಗೆ ಇದ್ರೆ ನೀನಿರು."

"ಇಬ್ಬರಿಗೂ ಇದ್ರೆ?"

"ಇಬ್ಬರೂ ಒಬ್ಬನೇ ಡಾಕ್ಟರನ್ನ ಬೈಕೊಂಡಿರೋಣ."

ಸಣ್ಣ ಮೇಜಿನ ಮೇಲಿದ್ದ ಸ್ಕ್ರೂಗಳನ್ನು ಸಾಲಾಗಿ ಇಟ್ಟ, ಕೆಡಿಸಿದ, ಮತ್ತೆ ಇಟ್ಟ.

"ಎಲ್ಲಿಗೆ ಹೋಗ್ಬೇಕೋ ಹೋಗಿ ಬನ್ರಪ್ಪಾ," ಮೂಲೆಯಿಂದ ಅಜ್ಜಿಯ ದನಿ ಬಂತು. ಕಣ್ಣು ಇನ್ನೂ ಮುಚ್ಚಿಯೇ ಇತ್ತು. "ಗಡಿಯಾರ ಎಲ್ಲಿಗೂ ಓಡಿಹೋಗಲ್ಲ. ಮುದುಕಿ ಕಣ್ಣಿರೋವಾಗ್ಲೇ ನನ್ನ ಮಗ ಮೇಜಿಗೆ ಬಂದು ಕೂರ್ಲಿ."

ಹೋದರು. ಸೈಕಲ್ ಅಂಗಡಿಯ ಮಹಡಿ ಮೆಟ್ಟಿಲನ್ನು ಇಬ್ಬರೂ ಒಬ್ಬರ ತೋಳು ಒಬ್ಬರು ಹಿಡಿದು ಹತ್ತಿದರು, ಯಾರು ಯಾರನ್ನು ಎಳೆಯುತ್ತಿದ್ದಾರೆಂದು ಹೇಳುವ ಹಾಗಿರಲಿಲ್ಲ. ಹುಡುಗ ಅವರನ್ನು ಕಂಡು ಎದ್ದ, ಮತ್ತೆ ಕೇಂದ್ರದ ಕೆಲಸಗಾರನಾಗಿ ಅಲ್ಲದೆ ನೆಂಟನಾಗಿ ಹೊರಗಿನ ಬೆಂಚಿನಲ್ಲಿ ಕೂತ. ಒಳಗೆ ಅಕ್ಕ ಬೆರಳಿನಿಂದ ಒಂದೊಂದು ಹನಿ ತೆಗೆದುಕೊಂಡಳು. ಗಡಿಯಾರದವನ ಪರೀಕ್ಷೆಯಲ್ಲಿ ಏನೂ ಕಾಣಲಿಲ್ಲ. ಸಣ್ಣನದರಲ್ಲಿ ಕಂಡಿತು. ಖಚಿತಪಡಿಸಿಕೊಳ್ಳಲು ಬೇರೆ ಬಗೆಯ ಪರೀಕ್ಷೆಗಳನ್ನೂ ಮಾಡಿದರು, ಅವುಗಳಲ್ಲೂ ಕಂಡಿತು.

"ಎಚ್‌ಐವಿ ಇದೆ," ಅಕ್ಕ ಮೆಲ್ಲಗೆ, ಸುತ್ತಿಬಳಸದೆ ಹೇಳಿದಳು. "ಇದಕ್ಕೆ ಒಳ್ಳೆ ಔಷಧಿ ಇದೆ. ದಿನಕ್ಕೊಂದು ಮಾತ್ರೆ. ತಪ್ಪದೆ ತಗೊಂಡ್ರೆ ಎಲ್ಲರ ಹಾಗೆ ವಯಸ್ಸಾಗಿ, ಎಲ್ಲರ ಹಾಗೆ ಮಂಡಿನೋವು ಅಂತ ಗೊಣಗ್ತಾ ಇರ್ತೀರಿ. ರಕ್ತದಲ್ಲಿ ವೈರಸ್ಸು ಪರೀಕ್ಷೆಗೂ ಸಿಗದಷ್ಟು ಕಡಿಮೆಯಾಗಿ ಹಾಗೇ ಇದ್ರೆ, ಕೂಡಿದವರಿಗೂ ನಿಮ್ಮಿಂದ ಬರಲ್ಲ."

ಗಡಿಯಾರದವನು ಬಿಕ್ಕತೊಡಗಿದ. ಸಣ್ಣ ಅಳಲಿಲ್ಲ. ತನ್ನ ಎರಡೂ ಕೈಗಳನ್ನು ಮೇಜಿನ ಮೇಲೆ ಅಂಗಾತ ಇಟ್ಟ.

"ನಾನು ಬ್ರೆಡ್ ಮಾಡೋನು ತಾಯಿ. ಈ ಕೈಯಲ್ಲೇ ಹಿಟ್ಟು ನಾದಿದ್ದೀನಿ. ಅದನ್ನ ತಿಂದೋರಿಗೆ?"

"ತಿಂದೋರಿಗೆ ಏನು?"

"ಅವರಿಗೂ ಬಂದಿರುತ್ತಾ?"

ಅಕ್ಕನಿಗೆ ಆಗ ಅರ್ಥವಾಯಿತು. ಅವಳು ಅವನ ಅಂಗೈ ಮೇಲೆ ತನ್ನ ಕೈ ಇಟ್ಟಳು. "ಯಾರಿಗೂ ಬಂದಿಲ್ಲ. ಹಿಟ್ಟಿನಿಂದ ಬರಲ್ಲ, ಬ್ರೆಡ್ಡಿನಿಂದ ಬರಲ್ಲ, ಎಂಜಲು ತಟ್ಟೆಯಿಂದ ಬರಲ್ಲ, ಮುಟ್ಟಿದ್ರೆ ಬರಲ್ಲ."

"ಮಕ್ಕಳಿಗೂ?"

"ಯಾರಿಗೂ ಇಲ್ಲ."

"ಇನ್ನೊಂದ್ಸಲ ಹೇಳಿ ತಾಯಿ."

ಅವಳು ಇನ್ನೊಮ್ಮೆ ಹೇಳಿದಳು. ಆಗ ಸಣ್ಣ ಅತ್ತ. ಅಂಥ ದೊಡ್ಡ ದೇಹ ಕುರ್ಚಿ ಅಲುಗುವಂತೆ ಅತ್ತಿತು. "ಬದುಕಿದೆ. ನಾನು ಯಾರನ್ನೂ ಕೊಂದಿಲ್ಲ. ಬದುಕಿದೆ," ಎನ್ನುತ್ತಾ ಅಕ್ಕನಿಗೆ ಕೈ ಮುಗಿದ. ಆ ಸುದ್ದಿ ಕೇಳಿ ಆ ಕುರ್ಚಿಯಲ್ಲಿ ಕೂತು ಕೃತಜ್ಞತೆಯಿಂದ ಅತ್ತವರನ್ನು ಅಕ್ಕ ಹೆಚ್ಚು ಕಂಡಿರಲಿಲ್ಲ. ಕಣ್ಣೊರೆಸಿಕೊಂಡ ಮೇಲೆ ಅವನು ಒಂದೇ ಮಾತು ಕೇಳಿದ: "ಹಾಗಾದ್ರೆ ಇದೇ ಕಾಯಿಲೆ ಇದ್ದ ನನ್ನ ಗೆಳೆಯ, ದರ್ಜಿ, ಯಾಕೆ ಸತ್ತ?"

"ಸಾಯೋ ಕಾಯಿಲೆ ಅಂತ ಅಲ್ಲ. ಹೊತ್ತಿಗೆ ಸರಿಯಾಗಿ ಪರೀಕ್ಷೆಗೆ ಬಂದಿರಲಿಕ್ಕಿಲ್ಲ, ಅಷ್ಟೇ."

ಆ ಮಾತು ಇಬ್ಬರು ಗೆಳೆಯರನ್ನೂ ಮೆಟ್ಟಿಲಿನುದ್ದಕ್ಕೂ ಹಿಂಬಾಲಿಸಿತು.

ಹೊರಗಿನ ಬೆಂಚಿನ ಹತ್ತಿರ ಹುಡುಗನ ಮುಂದೆ ಬಂದು ನಿಂತ ಸಣ್ಣ. "ಬೈದೆ ಅವತ್ತು. ಬೇಜಾರು ಮಾಡ್ಕೋಬೇಡ. ನೀನು ಈ ಬೆಂಚಲ್ಲಿ ಕೂತಿಲ್ಲದಿದ್ರೆ ನಂಗೆ ಈ ಜಾಗ ಎಲ್ಲಿದೆ ಅಂತಾನೂ ಗೊತ್ತಾಗ್ತಿರ್ಲಿಲ್ಲ," ಎಂದು ಅವನ ತಲೆಯನ್ನು ಎದೆಗೆ ಒತ್ತಿಕೊಂಡ.

ಆ ರಾತ್ರಿಯ ಊಟಕ್ಕೆ ಸಣ್ಣ ಮೇಜಿಗೆ ಬಂದು ಕೂತ, ಎಲ್ಲವನ್ನೂ ಹೇಳಿದ. ದರ್ಜಿಯ ವಿಷಯವನ್ನೂ ಬಿಡಲಿಲ್ಲ. ಹೇಳುವಾಗ ಕಣ್ಣು ಉಪ್ಪಿನ ಡಬ್ಬಿಯ ಮೇಲಿತ್ತು. ಮುಗಿದ ಮೇಲೆ ಮೊದಲು ಮಾತಾಡಿದವಳು ಅಜ್ಜಿ.

"ಆ ಮಾತ್ರೆ ಊಟಕ್ಕೆ ಮುಂಚೆನೋ, ಆಮೇಲೋ?"

"ಯಾವಾಗ್ಲಾದ್ರೂ ಸರಿ ಅಂದ್ರು ಅಮ್ಮ. ದಿನಾ ಒಂದೇ ಹೊತ್ತಿಗೆ ಆದ್ರೆ ಮರೆಯಲ್ಲ ಅಂತೆ."

"ಹಾಗಾದ್ರೆ ನನ್ನ ಬಿ.ಪಿ. ಮಾತ್ರೆ ಜೊತೆಗೇ ಆಗ್ಲಿ. ನೀನು ನಂಗೆ ನೆನಪು ಮಾಡು, ನಾನು ನಿಂಗೆ ಮಾಡ್ತೀನಿ."

ಅತ್ತಿಗೆ ಎದ್ದು ಕಿಟಕಿ ಕಟ್ಟೆಯ ಮೇಲಿದ್ದ ಸಂಸಾರವನ್ನೆಲ್ಲ ಬಾಚಿ ತಂದು ಸಿಂಕಿಗೆ ಹಾಕಿದಳು. ಬೆನ್ನು ತಿರುಗಿಸಿಯೇ ಬೈದಳು: "ಇಷ್ಟು ದಿನ ನಾನು ಏನು ತಪ್ಪು ಮಾಡಿದೆ ಅಂತ ಒದ್ದಾಡಿದ್ದೀನಿ. ಗಡಿಯಾರ ಬೇರೆ ಒಡೆದೆ."

"ನೀನು ಒಡೆದ್ಯಾ?" ಅಣ್ಣ ಬಾಯಿ ತೆರೆದ.

"ಮೊಳೆ ಒಡೀತು. ಸುಮ್ನೆ ಊಟ ಮಾಡಿ."

ಅಣ್ಣ ಊಟ ಮಾಡಲಿಲ್ಲ. "ನೀನು ಪಾಲು ಕೇಳ್ತೀಯ ಅಂದ್ಕೊಂಡಿದ್ನಲ್ಲೋ," ಎಂದ. "ಎಷ್ಟು ಸಣ್ಣವನು ನಾನು." ತಮ್ಮನ ತಟ್ಟೆಗೆ ತನ್ನ ಪಾಲಿನ ಮೊಟ್ಟೆಯನ್ನೂ ಹಾಕಿದ. ಬೇಡವೆಂದರೂ ಕೇಳಲಿಲ್ಲ.

ಮರುದಿನ ಬ್ರೆಡ್ಡು ಬ್ರೆಡ್ಡಾಗಿಯೇ ಬಂತು. ಮಾತ್ರೆ ತರಲು ಕೇಂದ್ರಕ್ಕೆ ಹೊರಟಾಗ ಅಣ್ಣನೂ ಅಂಗಡಿಯನ್ನು ಹೆಂಡತಿಗೆ ಒಪ್ಪಿಸಿ ಚಪ್ಪಲಿ ಮೆಟ್ಟಿದ.

"ಜೊತೆಗೆ ಯಾರು ಬಂದಿದ್ದೀರಿ?" ಅಕ್ಕ ಕೇಳಿದಳು.

"ನಾನು. ಅಣ್ಣ. ಇವನಿಗೆ ಜೊತೆ ಅಂತ ನಂಗೂ ಒಂದು ಚುಚ್ಚಿಬಿಡಿ."

ಅಗತ್ಯವಿಲ್ಲ ಎಂದು ಎಷ್ಟು ಹೇಳಿದರೂ ಪಟ್ಟು ಬಿಡಲಿಲ್ಲ. ಕೊನೆಗೆ ಅಕ್ಕ ಒಪ್ಪಿ ಸೂಜಿ ಕೈಗೆತ್ತಿಕೊಂಡಳು. ಚುಚ್ಚುವ ಮೊದಲೇ ಅಣ್ಣನ ಮುಖ ಬಿಳಿಚಿತು, ಸಣ್ಣನ ಹೆಗಲ ಮೇಲೆ ವಾಲಿಕೊಂಡ. ಅವನನ್ನು ಹೊರಗಿನ ಬೆಂಚಿನಲ್ಲಿ ಮಲಗಿಸಿ ಗಾಳಿ ಬೀಸಿದರು. ಕಣ್ಣು ತೆರೆದಾಗ ಎದುರಿನ ಗಾಜಿನ ಆಚೆ ಮಗ ಕಂಡ. ಅಂದು ಸಲೂನಿಗೆ ರಜೆ, ಬೆಳಿಗ್ಗೆಯೇ ಬಂದಿದ್ದ. ಅವನ ಪಕ್ಕ ಯಾವನೋ ಒಬ್ಬ ತಲೆ ತಗ್ಗಿಸಿ ಗಡಗಡ ನಡುಗುತ್ತಿದ್ದ. ಮಗ ಏನನ್ನೂ ಬೋಧಿಸುತ್ತಿರಲಿಲ್ಲ. ನೀರಿನ ಲೋಟ ಹಿಡಿದು, ಆ ಮನುಷ್ಯ ಕುಡಿಯುವವರೆಗೂ ಕಾಯುತ್ತಾ ಕೂತಿದ್ದ. ಅಣ್ಣ ಮಲಗಿದ್ದಲ್ಲಿಂದಲೇ ಬಹಳ ಹೊತ್ತು ನೋಡಿದ. ಇವನು ಇಂಥವನೆಂದು ತನಗೆ ಗೊತ್ತೇ ಇರಲಿಲ್ಲವಲ್ಲ ಎಂದು ಅವನಿಗೆ ಸಂಕಟವಾಯಿತು. ಮನೆಗೆ ಬಂದ ಮೇಲೆ ಏನಾದರೂ ಹೇಳಬೇಕೆಂದು ಮೂರು ಸಲ ಬಾಯಿ ತೆರೆದು, ಮೂರು ಸಲವೂ ಹವಾಮಾನದ ಬಗ್ಗೆ ಮಾತಾಡಿದ.

ಮೊದಲ ದಿನಗಳಲ್ಲಿ ಮಾತ್ರೆಯಿಂದ ಸಣ್ಣನಿಗೆ ವಾಕರಿಕೆಯಾಯಿತು, ಆಮೇಲೆ ಹಸಿವಾಯಿತು. ವಾರಗಳು ಕಳೆದಂತೆ ಹೆಗಲಿನ ಮೇಲೆ ಅಂಗಿ ಮತ್ತೆ ಕೂತುಕೊಂಡಿತು. ಗಡಿಯಾರದವನು ಸಂಜೆ ಬನ್ನು ತಿನ್ನಲು ಬರತೊಡಗಿದ, ರಿಪೇರಿಗೆ ನೆಪ ಹುಡುಕುವುದನ್ನೂ ಬಿಟ್ಟ.

ಹೀಗೊಂದು ಸಂಜೆ ಬೋರ್ಡು ಬರೆಯುವ ಪೇಂಟರ್ ಅಂಗಡಿಗೆ ಬಂದ. ಹೆಂಡತಿ, ಬೆಳೆದ ಇಬ್ಬರು ಹೆಣ್ಣುಮಕ್ಕಳು ಇರುವವನು. ಹೆಂಡತಿಯನ್ನು ಪ್ರೀತಿಸಿದ್ದೂ ನಿಜ, ಪಾರ್ಕಿನ ಬೆಂಚೂ ಸುಳ್ಳಲ್ಲ. ಒಂದು ಬ್ರೆಡ್ ಕೇಳಿದ. ಕೊಟ್ಟ ಮೇಲೂ ಹೋಗಲಿಲ್ಲ. ಗಾಜಿನ ಡಬ್ಬಗಳನ್ನು ಒಂದೊಂದಾಗಿ ನೋಡುತ್ತಾ ನಿಂತ. ಅಂಗಡಿಯಲ್ಲಿ ಬೇರೆ ಗಿರಾಕಿ ಇರಲಿಲ್ಲ. ಆಗಷ್ಟೇ ಕೇಂದ್ರದಿಂದ ಬಂದ ಹುಡುಗ ಬಾಗಿಲಲ್ಲಿ ಬೂಟು ಬಿಚ್ಚುತ್ತಿದ್ದವನು, ಇಲ್ಲಿ ಹೇಗೆ ಮಾತು ತೆಗೆಯುವುದೆಂದು ಯೋಚಿಸುವಷ್ಟರಲ್ಲಿ ಅಣ್ಣ ಸ್ಟೂಲಿನಿಂದ ಎದ್ದ.

"ಸಣ್ಣನ್ನ ನೋಡ್ಬೇಕಾ?"

"ಇಲ್ಲ… ಹಾಗೇ ಬಂದೆ… ಅವನು ಹೇಗಿದ್ದಾನೆ?"

"ಒಳಗಿದ್ದಾನೆ, ಹೋಗಿ ನೋಡಿ." ಅಣ್ಣ ಗಲ್ಲಾದ ಅಡ್ಡಹಲಗೆ ಎತ್ತಿ ದಾರಿ ಮಾಡಿದ. ಪೇಂಟರ್ ಅಲುಗದೆ ನಿಂತಾಗ ದನಿ ತಗ್ಗಿಸಿದ. ಅಣ್ಣನ ತಗ್ಗಿದ ದನಿ ಎಂದರೆ ಎದುರುಮನೆಗಷ್ಟೇ ಕೇಳಿಸುತ್ತಿತ್ತು. "ಹೆದರಬೇಡಿ. ಕೇಂದ್ರಕ್ಕೆ ಒಬ್ಬರೇ ಹೋಗೋಕೆ ಆಗಲ್ಲ ಅಂದ್ರೆ ಅವನು ಬರ್ತಾನೆ ಜೊತೆಗೆ. ನಮ್ಮನೇಲಿ ಆ ಕೆಲಸ ಗೊತ್ತಿರೋರು ಇಬ್ಬರಿದ್ದಾರೆ."

"ಅಪ್ಪಾ, ಮೆಲ್ಲಗೆ!" ಎಂದ ಹುಡುಗ.

"ಮೆಲ್ಲಗೇ ಹೇಳ್ತಿದ್ದೀನಲ್ಲೋ!"

ಸಣ್ಣ ಕೈಯೊರೆಸಿಕೊಳ್ಳುತ್ತಾ ಒಲೆಮನೆಯ ಬಾಗಿಲಿಗೆ ಬಂದ. ಇಬ್ಬರು ಗೆಳೆಯರು ಒಂದು ಕ್ಷಣ ನೋಡಿಕೊಂಡರು. "ನಾನು ಹೋಗಿ ಬಂದೆ ಕಣೋ. ಬದುಕಿದ್ದೀನಿ," ಎಂದ ಸಣ್ಣ. "ಬಾ, ಟೀ ಕುಡಿ. ನಾಳೆ ಇಬ್ಬರೂ ಹೋಗೋಣ. ನಾನು ನಿನ್ನ ಪಕ್ಕದಲ್ಲೇ ಕೂತಿರ್ತೀನಿ." ಪೇಂಟರ್ ತಲೆ ತಗ್ಗಿಸಿ ಹಲಗೆಯ ಕೆಳಗೆ ನುಸುಳಿ ಒಳಗೆ ಹೋದ. ತೆಗೆದುಕೊಂಡ ಬ್ರೆಡ್ಡನ್ನು ಗಲ್ಲಾದ ಮೇಲೆಯೇ ಮರೆತಿದ್ದ.

ಅಣ್ಣ ಹಲಗೆ ಇಳಿಸಿ ಸ್ಟೂಲಿನಲ್ಲಿ ಕೂತ. ಡಬ್ಬದ ಮುಚ್ಚಳವನ್ನು ಬಿಗಿ ಮಾಡಿದ, ಸಡಿಲ ಮಾಡಿದ. ಆಮೇಲೆ ದಿನಾ ಸಂಜೆ ಪಕ್ಕದ ಅಂಗಡಿಯವರನ್ನು ವಿಚಾರಿಸುವ ದನಿಯಲ್ಲೇ, ಆದರೆ ಮುಖ ನೋಡದೆ, ಮಗನನ್ನು ಕೇಳಿದ:

"ಇವತ್ತು ಎಷ್ಟು ಜನ ಬಂದಿದ್ರೋ ನಿಮ್ಮ ಕೇಂದ್ರಕ್ಕೆ?"

ಹುಡುಗ ಒಂದು ಬೂಟು ಕೈಯಲ್ಲೇ ಹಿಡಿದು ನಿಂತುಬಿಟ್ಟ. ಈ ಪ್ರಶ್ನೆಗೆ ಅವನು ಎರಡು ವರ್ಷ ಕಾದಿದ್ದ.

"ಇಬ್ಬರು ಅಪ್ಪಾ."

"ಇಬ್ಬರೇನಾ?" ಅಣ್ಣ ಹುಬ್ಬು ಗಂಟಿಕ್ಕಿದ. "ಯಾಕೋ, ಜನಕ್ಕೆ ದಾರಿ ಗೊತ್ತಾಗ್ತಿಲ್ವೋ ಏನೋ. ಬಾ, ಇಲ್ಲಿ ಕೂತ್ಕೋ. ಏನು ಮಾಡಬಹುದು ಅಂತ ಯೋಚನೆ ಮಾಡೋಣ."